ನಮ್ಮ ಕೇರಿಯವರಿಗೆಲ್ಲ

ಜರ್ಮನಿಯ ಹುಡುಗಿ ಶಿರಸಿಯಿಂದ ಬಸ್ ಹತ್ತಿ ಮೂರು ದಿನವಾಯ್ತು. ಮನೆ ಇನ್ನೂ ಬಿಕೋ ಅನ್ನುತ್ತಿದೆ. ನಿಮಗೆಲ್ಲ ಎದುರಿಗೆ ಹೇಳೋಣ ಅಂದರೆ ಮಾತು ಹೊರಡುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಹೋದ ವರ್ಷ ಶಾಲೆಯ ವಿನಿಮಯ ಕಾರ್ಯಕ್ರಮದಲ್ಲಿ ನನ್ನ ಮಗಳು ಅವಳ ಮನೆಯಲ್ಲಿ ಎರಡು ವಾರ ಇದ್ದು ಬಂದಿದ್ದಳು. ಈ ಸಲ ಅವಳು ನಮ್ಮಲ್ಲಿಗೆ, 12 ದಿನಕ್ಕೆ. ಒಪ್ಪಿಕೊಂಡ ಮೇಲೆ ಒಳಗೊಳಗೇ ಭಯ. ತೋಟದ ನಡುವಿನ ಮನೆ, ಸಿಗ್ನಲ್ ಇಲ್ಲ. ವಿದೇಶದವರು ಬಂದು ಉಳಿದರೆ 24 ಗಂಟೆಯೊಳಗೆ ಸರ್ಕಾರಕ್ಕೆ ತಿಳಿಸುವ ಫಾರ್ಮ್ ಆನ್‌ಲೈನಿನಲ್ಲಿ ತುಂಬಬೇಕು. ಅವತ್ತೇ ಕರೆಂಟೂ ಹೋಯ್ತು. ಮೇಲಿನಮನೆ ತಮ್ಮ ಲ್ಯಾಪ್‌ಟಾಪ್ ಹಿಡಿದು ಗುಡ್ಡದ ತುದಿಯಲ್ಲಿ ಕೂತು ಕಳಿಸಿ ಬಂದ. ನಿನ್ನ ಉಪಕಾರ ದೊಡ್ಡದು ತಮ್ಮಾ.

ಐದನೇ ದಿನ ರಾತ್ರಿ ಜ್ವರ ಬಂತು. ಎರಡು ದಿನ ಮುಂಚೆ ಸೊಪ್ಪಿನ ಬೆಟ್ಟಕ್ಕೆ ಹೋಗಿದ್ದಳು. ಜನವರಿ ಅಂದರೆ ನಮ್ಮ ಕಡೆ ಮಂಗನ ಕಾಯಿಲೆಯ ಕಾಲ, ಉಣುಗು ಕಚ್ಚಿ ಬರುವ ಜ್ವರ. ಆಶಾ ಕಾರ್ಯಕರ್ತೆ ಅಕ್ಕ ಕೊಟ್ಟಿದ್ದ, ಉಣುಗು ಹತ್ತದಂತೆ ತಡೆಯುವ ಡೇಪಾ ಎಣ್ಣೆ ಹಚ್ಚಿಯೇ ಕಳಿಸಿದ್ದೆ. ಆದರೂ ಹಣೆ ಮುಟ್ಟಿದಾಗ ನನ್ನ ಕೈಕಾಲು ತಣ್ಣಗಾಯಿತು. ಅಡಿಕೆ ಸುಲಿಯುತ್ತಿದ್ದ ಕೆಳಗಿನಮನೆ ಭಾವ ಕೈಯನ್ನೂ ತೊಳೆಯದೆ ಜೀಪು ತೆಗೆದರು. ಸ್ಟೇರಿಂಗ್ ಮೇಲೆ ಚೊಗರು ಹತ್ತಿ ಕಪ್ಪಾದ ಅವರ ಬೆರಳು ಈಗಲೂ ಕಣ್ಣ ಮುಂದಿದೆ. ಅತ್ತಿಗೆ ಹಿಂದೆ ಕೂತು, ಹುಡುಗಿಯ ತಲೆ ತೊಡೆಯ ಮೇಲಿಟ್ಟುಕೊಂಡು, ದಾರಿಯುದ್ದಕ್ಕೂ ಒದ್ದೆ ಬಟ್ಟೆ ಹಾಕಿದರು.

ಶಿರಸಿ ತಲುಪುವಾಗ 11 ಗಂಟೆ. ಜರ್ಮನಿಯಲ್ಲಿ ಆಗ ಸಂಜೆ ಆರೂವರೆ. ಸಿಗ್ನಲ್ ಸಿಕ್ಕಿದ್ದೇ ಅವಳ ಅಮ್ಮನಿಗೆ ವಿಡಿಯೋ ಕಾಲ್ ಮಾಡಿದೆವು. ಮಗಳು ಇಂಗ್ಲಿಷಿನಲ್ಲಿ ಎಲ್ಲ ಹೇಳಿದಳು. ಅವರು ಮಾತ್ರ ನನ್ನನ್ನೇ ನೋಡುತ್ತಿದ್ದರು. ಕಡೆಗೆ ಏನೋ ಅಂದರು. "ನೀನು ಪಕ್ಕದಲ್ಲಿದ್ದೀಯಲ್ಲ, ಅಷ್ಟು ಸಾಕು ಅಂತಿದ್ದಾರೆ ಆಯೀ" ಅಂದಳು ಮಗಳು. ಅವಳ ಗಂಟಲೂ ಕಟ್ಟಿತ್ತು.

ಎರಡು ದಿನ ಬಿಟ್ಟು ರಕ್ತದ ರಿಪೋರ್ಟ್ ಬಂತು. ಮಂಗನ ಕಾಯಿಲೆ ಅಲ್ಲ, ಸಾದಾ ವೈರಲ್ ಜ್ವರ. ಆ ರಾತ್ರಿ ಎದ್ದು ಬಂದ ಡಾಕ್ಟರಿಗೆ, ಬೆಳಗಿನವರೆಗೂ ಕಣ್ಣು ಮುಚ್ಚದ ನರ್ಸ್ ಅಕ್ಕನಿಗೆ ಕೈ ಮುಗಿಯುತ್ತೇನೆ.

ಆಮೇಲೆ ಅವಳೂ ನನ್ನನ್ನು ಆಯಿ ಅಂತಲೇ ಕರೆದಳು. ಗಂಜಿ, ಅಪ್ಪೆಮಿಡಿ ಉಂಡು ಚೇತರಿಸಿಕೊಂಡಳು. ಬನವಾಸಿ, ಸಹಸ್ರಲಿಂಗ ಎಲ್ಲ ನೋಡಿ ಬಂದರೂ ಅವಳ ಮನಸ್ಸು ನಿಂತದ್ದು ಮಾತ್ರ ಕೆಳಗಿನಮನೆ ಅಮ್ಮಮ್ಮನ ಒಲೆಯ ಮುಂದೆ. ಆಲೆಮನೆಯಿಂದ ತಂದ ಕಬ್ಬಿನ ಹಾಲಿನಲ್ಲಿ ಹಿಟ್ಟು ಕಲಸಿ, ಕವುಚಿ ಹಾಕಿದ ಗಡಿಗೆಯ ಮೇಲೆ ಬಟ್ಟೆಯಿಂದ ತೆಳ್ಳಗೆ ಎಳೆದು ತೊಡದೇವು ಮಾಡುವುದನ್ನು ಅಮ್ಮಮ್ಮ ಕಲಿಸಿದರು. ಮೂರು ಹರಿದವು. ನಾಲ್ಕನೆಯದು ಇಡಿಯಾಗಿ ಎದ್ದಿತು. "ನಿನ್ನ ಅಬ್ಬೆಗೆ ಕೊಡು" ಅಂತ ಅಮ್ಮಮ್ಮ ಅದನ್ನು ಬಿಸ್ಕತ್ತಿನ ಡಬ್ಬಿಯಲ್ಲಿ, ತಾವು ಮಾಡಿದ ತೊಡದೇವುಗಳ ಮಧ್ಯೆ ಇಟ್ಟು ಕೊಟ್ಟರು.

ಇವತ್ತು ಫೋಟೋ ಬಂದಿದೆ. ಅಡುಗೆಮನೆಯ ಮೇಜು, ತೆರೆದ ಡಬ್ಬಿ, ಪಕ್ಕದಲ್ಲಿ ಅವಳ ಅಮ್ಮ. ಎರಡು ಮುರಿದಿವೆ, ಉಳಿದವು ಹಾಗೇ ಇವೆ. ಅಮ್ಮಮ್ಮ, ಸಂಜೆ ದೀಪ ಹಚ್ಚುವ ಹೊತ್ತಿಗೆ ತೋರಿಸೋಕೆ ಬರುತ್ತೇನೆ.