ಫ್ರಾನ್ಸೆಸೀನ್ಯಾದ ಜೀವ ಇರುವುದೇ ಸಾಸ್‌ನಲ್ಲಿ

ಮಾನ್ಯ ಸಂಪಾದಕರೇ,

ನಿಮ್ಮ ಅಡುಗೆ ಪುಟದಲ್ಲಿ ಪೋರ್ಚುಗಲ್ಲಿನ ಫ್ರಾನ್ಸೆಸೀನ್ಯಾ ಎಂಬ ಮಾಂಸದ ಸ್ಯಾಂಡ್‌ವಿಚ್ ಬಗ್ಗೆ ಬಂದಿದ್ದು ನೋಡಿ ತುಂಬಾ ಖುಷಿಯಾಯಿತು. ಬ್ರೆಡ್, ಮಾಂಸ, ಚೀಸ್ ಎಲ್ಲಾ ಸರಿಯಾಗಿಯೇ ಬರೆದಿದ್ದೀರಿ. ಆದರೆ ಸಾಸ್ ವಿಷಯ ಬಂದಾಗ 'ಮೇಲೆ ಟೊಮೆಟೊ ಸಾಸ್ ಸುರಿಯಿರಿ' ಅಂತ ಒಂದೇ ಸಾಲಲ್ಲಿ ಮುಗಿಸಿಬಿಟ್ಟರೆ ಹೇಗೆ? ಪೋರ್ಟೊ ನಗರದ ಹೋಟೆಲುಗಳ ಪೈಪೋಟಿಯೆಲ್ಲಾ ನಡೆಯುವುದೇ ಆ ಸಾಸ್ ಮೇಲೆ. ಅದರ ಪಾಕವನ್ನು ಗುಟ್ಟಾಗಿಟ್ಟುಕೊಂಡವರು ಅಲ್ಲಿ ಎಷ್ಟೋ ಜನ.

1950ರ ದಶಕದಲ್ಲಿ ಪೋರ್ಟೊದ 'ಅ ರೆಗಲೇರಾ' ಹೋಟೆಲಿನಲ್ಲಿ ಡೇನಿಯಲ್ ದ ಸಿಲ್ವಾ ಎಂಬುವರು ಇದನ್ನು ಶುರು ಮಾಡಿದರು ಅಂತ ಹೇಳುತ್ತಾರೆ. ಫ್ರಾನ್ಸಿನಲ್ಲಿ ಇದ್ದು ಬಂದಿದ್ದ ಅವರಿಗೆ ಅಲ್ಲಿನ ಕ್ರೋಕ್ ಮೊಸ್ಯೂ ಸ್ಯಾಂಡ್‌ವಿಚ್ ಸ್ಫೂರ್ತಿಯಂತೆ. ಅದರಲ್ಲಿ ಇರುವುದು ಹ್ಯಾಮ್, ಚೀಸ್ ಅಷ್ಟೇ. ಇದರಲ್ಲಿ ಹ್ಯಾಮ್ ಜೊತೆಗೆ ಹಸಿ ಸಾಸೇಜ್, ಹೊಗೆ ಹಾಕಿದ ಲಿಂಗ್ವೀಸ ಸಾಸೇಜ್, ತೆಳ್ಳಗಿನ ಬೀಫ್ ಸ್ಟೇಕ್ ಕೂಡ ಸೇರಿಕೊಂಡಿವೆ.

ಇಷ್ಟೊಂದು ಮಾಂಸ, ಮೇಲೆ ಕರಗಿದ ಚೀಸ್, ಎಲ್ಲವೂ ಉಪ್ಪು, ಎಲ್ಲವೂ ಜಿಡ್ಡು. ಅದನ್ನು ಸಮ ಮಾಡುವುದಕ್ಕೆ ಹುಳಿ, ಖಾರ, ಸ್ವಲ್ಪ ಕಹಿ ಬೇಕಲ್ವಾ? ಆ ಕೆಲಸ ಸಾಸ್‌ನದು. ಬಾಟಲಿಯ ಸಿಹಿ ಕೆಚಪ್‌ನಿಂದ ಅದು ಆಗುವುದೇ ಇಲ್ಲ.

ಮನೆಯಲ್ಲಿ ಮಾಡುವವರು ಮೊದಲು ಸಾಸ್‌ನಿಂದಲೇ ಶುರು ಮಾಡಲಿ. ಹೆಚ್ಚಿದ ಈರುಳ್ಳಿ, ಬೆಳ್ಳುಳ್ಳಿ, ಒಂದು ಬೇ ಎಲೆಯನ್ನು ಆಲಿವ್ ಎಣ್ಣೆಯಲ್ಲಿ ನಿಧಾನವಾಗಿ ಬಾಡಿಸಿ, ಮೂರು ನಾಲ್ಕು ಚಮಚ ಟೊಮೆಟೊ ಪೇಸ್ಟ್ ಹಾಕಿ ಹಸಿ ವಾಸನೆ ಹೋಗುವ ತನಕ ಹುರಿದು, ಆಮೇಲೆ 330 ಮಿಲಿ ಬಿಯರ್, ಅಷ್ಟೇ ಅಳತೆಯ ಬೀಫ್ ಸ್ಟಾಕ್ (ಮಾಂಸ, ಮೂಳೆ ಬೇಯಿಸಿ ಸೋಸಿದ ರಸ), ಸ್ವಲ್ಪ ಪೋರ್ಟ್ ವೈನ್ ಅಥವಾ ಬ್ರಾಂದಿ, ಖಾರಕ್ಕೆ ಪಿರಿ-ಪಿರಿ ಮೆಣಸಿನಕಾಯಿ ಸೇರಿಸಿ ಸಣ್ಣ ಉರಿಯಲ್ಲಿ ಅರ್ಧ ಗಂಟೆ ಕುದಿಸಬೇಕು. ಬಿಯರ್ ತಿಳಿಯಾದ ಲಾಗರ್ ಆಗಿರಲಿ. ಕಹಿ ಜಾಸ್ತಿ ಇರುವ ಬಿಯರ್ ಹಾಕಿದರೆ, ನೀರು ಇಂಗಿದಂತೆಲ್ಲಾ ಆ ಕಹಿ ಇನ್ನೂ ಗಟ್ಟಿಯಾಗುತ್ತದೆ. ಎಲೆ ತೆಗೆದು ರುಬ್ಬಿ, ತಣ್ಣನೆಯ ಹಾಲಿನಲ್ಲಿ ಕಲಸಿದ ಒಂದು ಚಮಚ ಕಾರ್ನ್‌ಫ್ಲೋರ್ ಹಾಕಿ ಮತ್ತೆ ಕುದಿಸಿ. ಚಮಚದ ಹಿಂಬದಿಗೆ ತೆಳುವಾಗಿ ಅಂಟಿದರೆ ಸಾಕು. ತೀರಾ ಗಟ್ಟಿಯಾದರೆ ಬ್ರೆಡ್ ಅದನ್ನು ಹೀರಿಕೊಳ್ಳುವುದಿಲ್ಲ, ಸುಮ್ನೆ ಮೇಲೆ ಕೂತಿರುತ್ತದೆ.

ಬ್ರೆಡ್ ದಪ್ಪವಾಗಿರಬೇಕು, ಟೋಸ್ಟ್ ಮಾಡಲೇಬೇಕು. ತೆಳ್ಳಗಿನ ಮೆತ್ತನೆ ಬ್ರೆಡ್ ಸಾಸ್ ಬಿದ್ದ ತಕ್ಷಣ ಕರಗಿ ಮುದ್ದೆಯಾಗುತ್ತದೆ. ಸ್ಟೇಕನ್ನು ಜೋರು ಉರಿಯಲ್ಲಿ ಎರಡೂ ಕಡೆ ಬೇಗ ಸುಡಿ, ಹಸಿ ಸಾಸೇಜನ್ನು ಮಾತ್ರ ಒಳಗಿನ ತನಕ ಬೇಯಿಸಿ. ಎಲ್ಲಾ ಜೋಡಿಸಿ, ಮೇಲಿನಿಂದ ಬದಿಯ ತನಕ ಚೀಸ್ ಹೊದಿಸಿ ಓವನ್ನಿನಲ್ಲಿ ಕರಗಿಸಿ. ಸಾಸ್ ಸುರಿಯುವುದು ಕಟ್ಟಕಡೆಗೆ, ಅದೂ ಕುದಿಯುತ್ತಿರುವಾಗಲೇ. ಆಳವಾದ ತಟ್ಟೆ ತಗೊಂಡು ಧಾರಾಳವಾಗಿ ಹಾಕಿ, ಪಕ್ಕದಲ್ಲಿರುವ ಆಲೂ ಫ್ರೈಸ್‌ಗೂ ಅದೇ ಬೇಕಾಗುತ್ತದೆ. ಮೇಲೊಂದು ಮೊಟ್ಟೆ ಹುರಿದು ಇಡುವವರೂ ಇದ್ದಾರೆ. ನನಗಂತೂ ಅದಿಲ್ಲದೆ ಆಗುವುದಿಲ್ಲ, ಹಳದಿ ಒಡೆದು ಸಾಸ್ ಜೊತೆ ಬೆರೆತಾಗ ಖಾರ ಹದಕ್ಕೆ ಬರುತ್ತದೆ.

ಇನ್ನೊಮ್ಮೆ ಈ ಪಾಕ ಅಚ್ಚು ಹಾಕುವುದಾದರೆ ದಯವಿಟ್ಟು ಸಾಸ್‌ಗೇ ಅರ್ಧ ಜಾಗ ಕೊಡಿ.

ಇಂತಿ,
ನಿಮ್ಮ ಓದುಗ