ಮರಿ ತಂದ ಅಳಿಯನಿಗೆ

ಸಿಂಧನೂರು
ಸೋಮವಾರ

ಚಿರಂಜೀವಿ ಅಳಿಯ ಮಂಜುಗೆ ನಿನ್ನ ಮಾವ ಮಾಡುವ ಆಶೀರ್ವಾದಗಳು. ನಾವೆಲ್ಲ ಇಲ್ಲಿ ಕ್ಷೇಮ. ನಿಮ್ಮತ್ತೆಯ ಮಂಡಿನೋವು ಮಾತ್ರ ಹಾಗೇ ಇದೆ.

ನೀನು ಮೊಬೈಲಿಗೆ ಕಳಿಸಿದ ಲ್ಯಾಬ್ರಡಾರ್ ಮರಿಯ ಫೋಟೊ ಇಡೀ ಓಣಿಯವರು ನೋಡಿ ಆಯಿತು. ಅದರ ಕೆಳಗೆ ಅದಕ್ಕೆ ತರಿಸಿದ ಸಾಮಾನಿನ ಪಟ್ಟಿಯನ್ನೂ ಕಳಿಸಿದ್ದೀಯ. ಮೆತ್ತನೆ ಹಾಸಿಗೆ, ಮಳೆಕೋಟು, ನಾಲ್ಕು ಬೂಟು, ಬಾಯಿಗೆ ಕಟ್ಟುವ ಬಟ್ಟೆ, ಎಳೆದಷ್ಟೂ ಉದ್ದವಾಗುವ ಹಗ್ಗ, ಸೆಂಟು. ಎಲ್ಲ ಸೇರಿ ಆರು ಸಾವಿರ. ಬಳ್ಳಾರಿಯಲ್ಲಿ ನಾಯಿಗೆ ಮಳೆಕೋಟು! ಮಳೆ ಬಂದರೆ ಮನುಷ್ಯರೇ ಹೊರಗೆ ಬಂದು ತೋಯಿಸಿಕೊಳ್ಳುವ ಊರು ಅದು.

"ಮಾವ, ನೀವು ದನದ ದವಾಖಾನೆಯಲ್ಲಿ ಇದ್ದವರು, ಇನ್ನೇನು ತರಬೇಕು ಹೇಳಿ" ಎಂದು ಕೇಳಿದ್ದೀಯ. ಫೋನಿನಲ್ಲಿ ಹೇಳಿದರೆ ನೀನು ಹ್ಞೂಂ ಹ್ಞೂಂ ಅಂತ ಇಟ್ಟುಬಿಡುತ್ತೀ. ಅದಕ್ಕೇ ಬರೆಯಲು ಕೂತೆ. ಕಾಗದ ಆದರೆ ನಾಲ್ಕು ದಿನ ಮನೆಯಲ್ಲಿ ಬಿದ್ದಿರುತ್ತದೆ, ಒಂದು ಸಲವಾದರೂ ತಿರುಗಿ ಓದುತ್ತೀ.

ಶಿವರಾತ್ರಿಗೆ ಚಳಿ ಶಿವಶಿವ ಅಂತ ಓಡಿಹೋಯಿತು. ಇನ್ನು ನಮ್ಮ ಬಿಸಿಲು ನಿನಗೆ ಗೊತ್ತೇ ಇದೆ. ಏಪ್ರಿಲ್, ಮೇ ಅಂದರೆ 40 ಡಿಗ್ರಿ ದಾಟುವುದು ಮಾಮೂಲು. ಅದಕ್ಕೆ ಮೊದಲು ಬಿಸಿಲಿನ ಮಾತೇ ಹೇಳುತ್ತೇನೆ. ಇದನ್ನು ನಾನು ನನ್ನ ಅಕ್ಕನಿಗೂ, ಅಂದರೆ ನಿನ್ನ ಅವ್ವನಿಗೂ, ಪೂರ್ತಿ ಹೇಳಿಲ್ಲ.

ನಮ್ಮ ಮನೆಯಲ್ಲಿ ಕರಿಯ ಅಂತ ಒಂದು ನಾಯಿ ಇತ್ತು. ನೀನಾಗ ಇನ್ನೂ ಹುಟ್ಟಿರಲಿಲ್ಲ. 1998ರ ಮೇ ತಿಂಗಳು. ಮಳೆಗಾಲಕ್ಕೆ ಮುಂಚೆ ದನಗಳಿಗೆ ಗಂಟಲು ಬೇನೆಯ ಇಂಜೆಕ್ಷನ್ ಹಾಕುವ ಕೆಲಸ ಇರುತ್ತಿತ್ತು. ಐಸ್ ಪೆಟ್ಟಿಗೆ ಹೆಗಲಿಗೆ ಹಾಕಿಕೊಂಡು ಬೆಳಿಗ್ಗೆ ಎಂಟಕ್ಕೆ ಹೊರಟೆ. ಹೊರಡುವಾಗ ಕರಿಯನನ್ನು ಅಂಗಳದ ಬೇವಿನ ಮರಕ್ಕೆ ಕಟ್ಟಿದೆ. ಪಡುವಣ ಬದಿಗೆ ದಟ್ಟ ನೆರಳು. ಮುಂದೆ ಅಲ್ಯೂಮಿನಿಯಂ ತಟ್ಟೆಯಲ್ಲಿ ನೀರು. ಮೂರು ಮೊಳದ ಸರಪಳಿ. ಎಲ್ಲ ಸರಿಯಾಗಿದೆ ಅಂದುಕೊಂಡೆ. ನೆರಳು ನಡೆಯುತ್ತದೆ ಅನ್ನುವುದು ತಲೆಗೇ ಬರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ನೆರಳು ಬುಡಕ್ಕೆ ಸರಿದಿದೆ, ಆಮೇಲೆ ಮೂಡಣ ಬದಿಗೆ ಹೋಗಿದೆ. ಕರಿಯ ಅದರ ಹಿಂದೆ ಹೋಗಲು ನೋಡಿ, ಸರಪಳಿ ಮರಕ್ಕೆ ಸುತ್ತಿಕೊಂಡು, ತಟ್ಟೆ ಮಗುಚಿಬಿದ್ದಿದೆ. ಅವತ್ತು ನಿಮ್ಮತ್ತೆ ತವರಿಗೆ ಹೋಗಿದ್ದಳು.

ಮೂರೂವರೆಗೆ ನಾನು ಬಂದಾಗ ಅದರ ನಾಲಿಗೆ ನೇರಳೆ ಹಣ್ಣು ತಿಂದವರ ನಾಲಿಗೆಯ ಹಾಗಿತ್ತು. ಜೊಲ್ಲು ಗೋಂದಿನ ಹಾಗೆ ದಪ್ಪ. ಸರಪಳಿ ಮುಟ್ಟಿದರೆ ನನ್ನ ಕೈಯೇ ಸುಟ್ಟಿತು. ಐಸ್ ಪೆಟ್ಟಿಗೆಯಲ್ಲಿ ಉಳಿದಿದ್ದ ತುಂಡುಗಳನ್ನು ತಲೆಯ ಮೇಲೆ ಇಟ್ಟೆ. ಗೋಣಿಚೀಲ ತೋಯಿಸಿ ಮೈಮೇಲೆ ಹೊದಿಸಿದೆ. ಅದೇ ನಾನು ಮಾಡಿದ ಇನ್ನೊಂದು ತಪ್ಪು. ಹೊದಿಸಿದ ಒದ್ದೆ ಗೋಣಿ ಸ್ವಲ್ಪ ಹೊತ್ತಿಗೇ ಬಿಸಿಯಾಗಿ ಮೈಯ ಕಾವನ್ನು ಒಳಗೇ ಹಿಡಿದಿಡುತ್ತದೆ. ಇಡೀ ಮೈಗೆ, ಹೊಟ್ಟೆ, ತೊಡೆಸಂದಿಗೆ ಬಿಂದಿಗೆಗಟ್ಟಲೆ ನೀರು ಸುರಿದು ಗಾಳಿ ಹಾಕಬೇಕಿತ್ತು. ದೀಪ ಹಚ್ಚುವ ಹೊತ್ತಿಗೆ ಕರಿಯ ಹೋಯಿತು. ಊರಿನ ದನಕ್ಕೆಲ್ಲ ಔಷಧ ಹಾಕುವ ಕಾಂಪೌಂಡರನ ಮನೆ ನಾಯಿ.

ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ, ಮಂಜು. ಪಾದದ ಅಡಿಯಲ್ಲಿ ಒಂದಿಷ್ಟು ಬೆವರುತ್ತದೆ. ಉಳಿದದ್ದೆಲ್ಲ ಬಾಯಿ ತೆರೆದು ಏದುಸಿರು ಬಿಟ್ಟೇ ಕಾವು ಕಳೆಯಬೇಕು. ಇದೊಂದು ತಿಳಿದುಕೊಂಡರೆ ನಿನ್ನ ಪಟ್ಟಿಯಲ್ಲಿ ಅರ್ಧ ತಾನಾಗಿಯೇ ಹೊಡೆದುಹೋಗುತ್ತದೆ. ಬಾಯಿಗೆ ಕಟ್ಟುವ ಬಟ್ಟೆ ಬೇಡ. ಬಾಯಿ ಕಟ್ಟಿದರೆ ಅದು ಏದುವುದು ಎಲ್ಲಿಂದ? ಎತ್ತಿಗೆ ನಾವು ಹಾಕುವ ಕುಕ್ಕೆ ನೋಡಿದ್ದೀಯಲ್ಲ, ಒಳಗೆ ಬಾಯಿ ಆಡುತ್ತದೆ, ಗಾಳಿಯೂ ಆಡುತ್ತದೆ. ನಾಯಿಗೂ ಹಾಗೇ ಬುಟ್ಟಿಯಂಥದ್ದು ಸಿಗುತ್ತದೆ. ದವಾಖಾನೆಗೆ ಹೋಗುವಾಗ ಬೇಕಾದೀತು, ದೊಡ್ಡದಾದ ಮೇಲೆ ಅಳತೆ ನೋಡಿ ತಾ. ಬೂಟೂ ಬೇಡ. ರಸ್ತೆ ಸುಡುತ್ತದೆ ಅಂತ ಬೂಟು ತರುವ ಬದಲು, ಸುಡುವ ಹೊತ್ತಿನಲ್ಲಿ ಹೊರಗೇ ಒಯ್ಯಬೇಡ. ನಿನ್ನ ಅಂಗೈಯ ಹಿಂಬದಿಯನ್ನು ಡಾಂಬರಿನ ಮೇಲೆ ಇಟ್ಟು ನೋಡು. ಏಳು ಎಣಿಸುವವರೆಗೆ ಇಡಲಾಗದಿದ್ದರೆ ಅದರ ಪಾದಕ್ಕೂ ಆಗುವುದಿಲ್ಲ. ಬೇಸಿಗೆಯಲ್ಲಿ ಬೆಳಿಗ್ಗೆ ಆರೂವರೆ ಒಳಗೆ, ರಾತ್ರಿ ಎಂಟರ ಮೇಲೆ, ಅಷ್ಟೇ.

ನಿನ್ನದು ಮೇಲಿನ ಮನೆ, ನೆತ್ತಿಯ ಮೇಲೆ ಬರೀ ಆರ್‌ಸಿಸಿ. ಮೆತ್ತನೆ ಹಾಸಿಗೆಯ ಮೇಲೆ ಮರಿ ಮಲಗುವುದು ಡಿಸೆಂಬರಿನಲ್ಲಿ ಮಾತ್ರ. ಮೇ ತಿಂಗಳಲ್ಲಿ ಅದು ಬಚ್ಚಲ ಮುಂದಿನ ಕಡಪ ಕಲ್ಲು ಹುಡುಕಿಕೊಂಡು ಹೋಗುತ್ತದೆ, ನೋಡುತ್ತಿರು. ಅಲ್ಲೇ ಮಲಗಲು ಬಿಡು. ಬೇಕಾದರೆ ಒದ್ದೆ ಗೋಣಿ ಹಾಸು. ಕೆಳಗೆ ಹಾಸು, ಮೇಲೆ ಹೊದಿಸಬೇಡ. ನೀರಿಗೆ ಪ್ಲಾಸ್ಟಿಕ್ ಬಟ್ಟಲು ಬೇಡ, ಮಣ್ಣಿನ ಬಾನಿ ಇಡು. ಮಗುಚುವುದಿಲ್ಲ, ನೀರೂ ತಣ್ಣಗಿರುತ್ತದೆ. ಎರಡು ಕಡೆ ಇಡು, ದಿನಕ್ಕೆ ಮೂರು ಸಲ ಬದಲಿಸು, ನಾರು ಹಾಕಿ ತಿಕ್ಕಿ ತೊಳೆ. ಸೆಕೆ ಅಂತ ಅದರ ಕೂದಲು ಬೋಳಿಸಲು ಮಾತ್ರ ಹೋಗಬೇಡ. ಲ್ಯಾಬ್ರಡಾರ್‌ಗೆ ಎರಡು ಪದರ ಕೂದಲು. ಅದು ಬಿಸಿಲನ್ನೂ ತಡೆಯುತ್ತದೆ. ದಿನಾ ಬಾಚಿ ಉದುರಿದ್ದನ್ನು ತೆಗೆದರೆ ಸಾಕು.

ಎಳೆದರೆ ಉದ್ದವಾಗುವ ಹಗ್ಗ ವಾಪಸ್ ಕಳಿಸು. ನಿಮ್ಮ ಓಣಿಯಲ್ಲಿ ಆಟೋಗಳು ಹೇಗೆ ನುಗ್ಗುತ್ತವೆ ಅಂತ ನೋಡಿದ್ದೇನೆ. ಆರಡಿಯ ಗಟ್ಟಿ ಪಟ್ಟಿ ಸಾಕು. ಮರಿ ಎಳೆದಾಡುವಾಗ ಕೊರಳಿಗೆ ಬಿಗಿಯಾಗದ ಹಾಗೆ ಎದೆ ಬೆಲ್ಟು ಹಾಕು. ಕೊರಳಿನ ಬೆಲ್ಟು ನಿನ್ನ ಫೋನ್ ನಂಬರಿನ ಬಿಲ್ಲೆ ತೂಗುಹಾಕಲು ಇರಲಿ. ಬೆಲ್ಟಿನ ಒಳಗೆ ಎರಡು ಬೆರಳು ಸಲೀಸಾಗಿ ಹೋಗಬೇಕು. ಮರಿ ವಾರವಾರಕ್ಕೂ ಬೆಳೆಯುತ್ತದೆ, ಬೆಲ್ಟು ಬೆಳೆಯುವುದಿಲ್ಲ. ಮಾಂಸದೊಳಗೆ ಹೂತುಹೋದ ಬೆಲ್ಟನ್ನು ಕತ್ತರಿಸಿ ತೆಗೆಯುವಾಗ ನಾನು ನಾಯಿ ಹಿಡಿದುಕೊಂಡು ಕೂತವನು. ಆ ವಾಸನೆ ಇನ್ನೂ ಮರೆತಿಲ್ಲ. ಸೆಂಟಿನ ಬಗ್ಗೆ ನಾನೇನೂ ಹೇಳುವುದಿಲ್ಲ. ನೀನೇ ಹಾಕಿಕೋ.

ಉಣ್ಣಿಗೆ ಬಿಸಿಲು, ಮಳೆ ಎರಡೂ ಒಂದೇ. ರಾತ್ರಿ ಉಂಡ ಮೇಲೆ ಟಿವಿ ಮುಂದೆ ಕೂರುತ್ತೀಯಲ್ಲ, ಆಗ ಮರಿಯನ್ನು ತೊಡೆಯ ಮೇಲೆ ಹಾಕಿಕೊಂಡು ಮೈಯೆಲ್ಲ ಬೆರಳಾಡಿಸು. ಕಿವಿಯ ಒಳಮಡಿಕೆ, ಕಾಲ್ಬೆರಳ ಸಂದಿ, ಬೆಲ್ಟಿನ ಅಡಿ, ಕಂಕುಳು, ಬಾಲದ ಬುಡ. ಜೋಳದ ಕಾಳಿನಂಥದ್ದು ಬೆರಳಿಗೆ ಸಿಕ್ಕರೆ ಅದೇ. ಸಣ್ಣ ಚಿಮಟದಿಂದ ಚರ್ಮಕ್ಕೆ ತಾಗಿಸಿ ಹಿಡಿದು, ತಿರುಚದೆ ನೇರ ಎಳಿ. ಸಾಬೂನು ನೀರಿಗೆ ಹಾಕು, ಉಗುರಿನಲ್ಲಿ ಕುಕ್ಕಬೇಡ. ಬೀಡಿಯಿಂದ ಸುಡುವುದು, ಸೀಮೆಎಣ್ಣೆ ಹಚ್ಚುವುದು, ಇವೆಲ್ಲ ನಮ್ಮ ಊರಿನ ಶೂರರ ಕೆಲಸ. ಅದಕ್ಕಿಂತ ಕೆಟ್ಟದ್ದು, ಹತ್ತಿಗೆ ಹೊಡೆಯುವ ಔಷಧವನ್ನೇ ನೀರಿಗೆ ಕಲಸಿ ನಾಯಿಗೆ ಹಚ್ಚುವುದು. ನಾಯಿ ಮೈ ನೆಕ್ಕಿಕೊಳ್ಳುತ್ತದೆ, ಅರ್ಧ ಗಂಟೆಗೆ ಜೊಲ್ಲು ಸುರಿಸಿ ನಡುಗುತ್ತಾ ಬೀಳುತ್ತದೆ. ಅಂಥವನ್ನು ಟಂಟಂನಲ್ಲಿ ಹಾಕಿಕೊಂಡು ಬಂದವರನ್ನು ಎಷ್ಟೋ ಸಲ ನೋಡಿದ್ದೇನೆ. ದನದ ಉಣ್ಣಿ ಔಷಧವೂ ನಿನ್ನ ಅಂದಾಜಿನಲ್ಲಿ ಬೇಡ. ಹೆಗಲ ಮೇಲೆ ಬಿಡುವ ಹನಿ, ತಿನ್ನಿಸುವ ಮಾತ್ರೆ ಅಂತ ನಾಯಿಗೇ ಬೇರೆ ಇವೆ. ಮರಿಯನ್ನು ತೂಗಿ, ಅದರ ವಯಸ್ಸು ಹೇಳಿ, ಡಾಕ್ಟರ್ ಬರೆದದ್ದನ್ನೇ ತಾ. ಇನ್ನೊಂದು, ಉಣ್ಣಿ ಮೊಟ್ಟೆಯಿಡುವುದು ನಾಯಿಯ ಮೈಮೇಲೆ ಅಲ್ಲ. ಗೋಡೆಯ ಬಿರುಕಿನಲ್ಲಿ, ಮಂಚದ ಸಂದಿಯಲ್ಲಿ. ಒಂದೊಂದು ಸಾವಿರಗಟ್ಟಲೆ ಇಡುತ್ತದೆ. ಮನೆಯನ್ನೂ ನೋಡಬೇಕು.

ಕೈಯಾಡಿಸುವಾಗಲೇ ತುಟಿ ಎತ್ತಿ ಒಸಡು ನೋಡು. ಗುಲಾಬಿ ಇರಬೇಕು. ಬೆರಳಿಟ್ಟು ಒತ್ತಿದರೆ ಬಿಳಿಯಾಗಿ, ಬಿಟ್ಟ ಎರಡು ಸೆಕೆಂಡಿಗೆ ಮತ್ತೆ ಕೆಂಪಾಗಬೇಕು. ಒಸಡು ಬಿಳಿಚಿದರೆ, ಊಟ ಬಿಟ್ಟು ಮೂಲೆ ಹಿಡಿದರೆ, ಮೂಗಿನಲ್ಲಿ ರಕ್ತ ಕಂಡರೆ ಉಣ್ಣಿ ಜ್ವರ ಇರಬಹುದು. ನಾಳೆ ನೋಡೋಣ ಅನ್ನಬೇಡ, ಅವತ್ತೇ ರಕ್ತ ಪರೀಕ್ಷೆ ಮಾಡಿಸು.

ಜ್ವರ ಅಂದ ಕೂಡಲೇ ನೆನಪಾಯಿತು. ಮೂಗು ಒಣಗಿದೆ, ಮೈ ಬಿಸಿ ಇದೆ ಅಂತ ಜನ ನಾಯಿಗೆ ಜ್ವರದ ಗುಳಿಗೆ ನುಂಗಿಸಿಬಿಡುತ್ತಾರೆ. ನಾಯಿಯ ಮೈ ಮಾಮೂಲಾಗೇ 101ರಿಂದ 102.5 ಫ್ಯಾರನ್‌ಹೀಟ್ ಇರುತ್ತದಪ್ಪ! ನಮಗೆ ಜ್ವರ, ಅದಕ್ಕೆ ಆರೋಗ್ಯ. ಒಂದು ಡಿಜಿಟಲ್ ಥರ್ಮಾಮೀಟರ್ ಅದಕ್ಕೇ ಅಂತ ಬೇರೆ ಇಡು. ತುದಿಗೆ ಕೊಬ್ಬರಿ ಎಣ್ಣೆ ಹಚ್ಚಿ ಗುದದಲ್ಲಿ ಇಟ್ಟು ನೋಡಬೇಕು. ಗುರುತಿಗೆ ಅದಕ್ಕೊಂದು ದಾರ ಕಟ್ಟಿಡು, ಅಕ್ಕ ಗೊತ್ತಿಲ್ಲದೆ ಬಾಯಿಗಿಟ್ಟುಕೊಂಡಾಳು. ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಮನುಷ್ಯರ ಪೆಟ್ಟಿಗೆಯಲ್ಲೇ ಇರಲಿ. ನಾಯಿಯ ಲಿವರ್, ಕಿಡ್ನಿ ಹಾಳು ಮಾಡುತ್ತವೆ.

ಲಸಿಕೆ ವಿಷಯದಲ್ಲಿ ನಾನು ಸ್ವಲ್ಪ ಜಾಸ್ತಿ ಕಟ್ಟುನಿಟ್ಟು. ಮರಿಗೆ ಎರಡು ತಿಂಗಳು ಅಂದಿದ್ದೀಯ. ಪಾರ್ವೊ, ಡಿಸ್ಟೆಂಪರ್ ಅನ್ನುವ ರೋಗಗಳದ್ದು ಈಗಲೇ ಶುರು ಮಾಡಬೇಕು. ಮೂರ್ನಾಲ್ಕು ವಾರಕ್ಕೊಮ್ಮೆ, ಮರಿಗೆ 16 ವಾರ ಆಗುವವರೆಗೆ. ಮೂರು ತಿಂಗಳಿಗೆ ರೇಬಿಸ್, ಆಮೇಲೆ ಡಾಕ್ಟರ್ ಹೇಳಿದಂತೆ ವರ್ಷವರ್ಷ. ಮರಿಯ ಈ ಲಸಿಕೆಗಳು ಮುಗಿಯುವವರೆಗೆ ಬೀದಿನಾಯಿ ಓಡಾಡುವ ನೆಲಕ್ಕೆ ಇಳಿಸಬೇಡ. ಪಾರ್ವೊ ಮಣ್ಣಿನಲ್ಲಿ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತದೆ. ಮರಿ ವಾಂತಿ ಮಾಡಿ ರಕ್ತಭೇದಿ ಶುರುವಾದರೆ ರಾತ್ರಿ ಬೆಳಗಾಗುವುದನ್ನೂ ಕಾಯಬೇಡ. ಮತ್ತೆ ಇದನ್ನು ಗಮನಿಸು. ಲಸಿಕೆ 2ರಿಂದ 8 ಡಿಗ್ರಿ ತಂಪಿನಲ್ಲಿ ಇರಬೇಕು. ಔಷಧ ಅಂಗಡಿಯಿಂದ ಬಾಟಲಿಯನ್ನು ಜೇಬಿಗೆ ಹಾಕಿಕೊಂಡು ಸೆಕೆಯಲ್ಲಿ ಬಂದು "ಹಾಕಿ ಸಾರ್" ಅನ್ನುವವರಿದ್ದರು. ಅಂಥದ್ದು ಚುಚ್ಚುವುದೂ ಒಂದೇ, ಸುಮ್ನೆ ನೀರು ಚುಚ್ಚುವುದೂ ಒಂದೇ. ಫ್ರಿಜ್ಜಿನಿಂದ ತೆಗೆದು ನಿನ್ನ ಕಣ್ಣೆದುರು ಹಾಕುವ ಕಡೆ ಹಾಕಿಸಿ ಕಾರ್ಡಿನಲ್ಲಿ ಬರೆಸಿಕೋ. ಜಂತಿನ ಔಷಧ ಮೂರು ತಿಂಗಳವರೆಗೆ ಹದಿನೈದು ದಿನಕ್ಕೊಮ್ಮೆ, ಆರು ತಿಂಗಳವರೆಗೆ ತಿಂಗಳಿಗೊಮ್ಮೆ, ಆಮೇಲೆ ಮೂರು ತಿಂಗಳಿಗೊಮ್ಮೆ.

ಯಾವ ನಾಯಿಯಾದರೂ ನಿನಗೆ ಕಚ್ಚಿದರೆ, ಪರಚಿದರೆ, ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ 15 ನಿಮಿಷ ತೊಳೆ. ಗಡಿಯಾರ ನೋಡಿ ತೊಳೆ. ಸುಣ್ಣ, ಖಾರದಪುಡಿ, ಬೇರಿನ ಔಷಧ ಯಾವುದೂ ಬೇಡ. ಅವತ್ತೇ ಸರ್ಕಾರಿ ದವಾಖಾನೆಗೆ ಹೋಗು, ಅವರು ಬರೆದುಕೊಟ್ಟ ದಿನಗಳಲ್ಲಿ ಒಂದನ್ನೂ ತಪ್ಪಿಸಬೇಡ. ರೇಬಿಸ್ ಲಕ್ಷಣ ಕಂಡ ಮೇಲೆ ಉಳಿಸುವ ಮದ್ದು ಇಲ್ಲ.

ಊಟಕ್ಕೆ ದೊಡ್ಡ ಗ್ರಂಥ ಬೇಡ. ಈಗ ದಿನಕ್ಕೆ ನಾಲ್ಕು ಸಲ ಸ್ವಲ್ಪ ಸ್ವಲ್ಪ, ಆರು ತಿಂಗಳಾದ ಮೇಲೆ ಎರಡು ಸಲ. ಮರಿಗೆಂದೇ ಮಾಡಿದ ಕಾಳು ತಂದಿದ್ದೀಯಂತೆ, ಅದೇ ಹಾಕು. ಜೊತೆಗೆ ಬೇಯಿಸಿದ ಮೊಟ್ಟೆ, ಮೂಳೆ ತೆಗೆದ ಕೋಳಿ ಒಂದಿಷ್ಟು. ಬೆಂದ ಕೋಳಿ ಮೂಳೆ ಸೀಳಿ ಸೂಜಿಯ ಹಾಗಾಗುತ್ತದೆ, ಹಾಕಬೇಡ. ನಮ್ಮ ಅಡುಗೆಯಲ್ಲಿ ಉಳ್ಳಾಗಡ್ಡಿ ಇಲ್ಲದ್ದು ಯಾವುದಿದೆ ಹೇಳು? ಅದೇ ನಾಯಿಯ ರಕ್ತ ಕೆಡಿಸುತ್ತದೆ, ಬಳ್ಳೊಳ್ಳಿಯೂ ಅಷ್ಟೇ. ಹಾಗಾಗಿ ಸಾರಿನಲ್ಲಿ ರೊಟ್ಟಿ ಮುರಿದು ಹಾಕುವ ಚಾಳಿ ಮನೆಯಲ್ಲಿ ಯಾರಿಗೂ ಬೀಳದಿರಲಿ. ಈಗ ಕೊಪ್ಪಳದ ಕಡೆಯಿಂದ ದ್ರಾಕ್ಷಿ ಬರುವ ಕಾಲ. ದ್ರಾಕ್ಷಿ, ಒಣದ್ರಾಕ್ಷಿ, ಚಾಕಲೇಟ್ ಎಟಕುವ ಹಾಗೆ ಇಡಬೇಡ.

ಅಕ್ಕ ಮೊನ್ನೆ ನನಗೆ ಫೋನು ಮಾಡಿ ಅರ್ಧ ಗಂಟೆ ಬೈದಳು. "ನಿನ್ನ ಅಳಿಯ ನಾಯಿಯನ್ನು ಅಡುಗೆಮನೆವರೆಗೆ ಬಿಟ್ಟಿದ್ದಾನೆ" ಅಂತ. ನಿಮ್ಮ ಮನೆದೇವರು ಮೈಲಾರಲಿಂಗ. ಆ ದೇವರ ಭಕ್ತ ಗೊರವಯ್ಯ ಬಂದು ನಾಯಿಯ ಹಾಗೆ ಬೊಗಳಿ ದೋಣಿ ಅನ್ನುವ ಬಟ್ಟಲಿನಲ್ಲಿ ಉಂಡರೆ ಕೈಮುಗಿಯುತ್ತಾಳೆ, ನಿಜವಾದ ನಾಯಿ ಹೊಸ್ತಿಲು ದಾಟಿದರೆ ಮಡಿ ಕೆಟ್ಟಿತು ಅನ್ನುತ್ತಾಳೆ. ಆದರೂ ವಾದ ಮಾಡಬೇಡ. ಅಡುಗೆಮನೆ ಅವಳದು, ಬಚ್ಚಲ ಮುಂದಿನ ಕಲ್ಲು ಮರಿಯದು ಅಂತ ಮೊದಲೇ ಗೆರೆ ಹಾಕು. ನೀನು ಬ್ಯಾಂಕಿಗೆ ಹೋದ ಮೇಲೆ ಅದರ ನೀರು ನೋಡುವವಳು ಅವಳೇ ಅಲ್ವಾ?

ಮುಂದಿನ ಬುಧವಾರ ಸಿರುಗುಪ್ಪದ ಮೇಲೆ ಬರುವ ಬೆಳಗಿನ ಬಸ್ಸಿಗೆ ಬರುತ್ತೇನೆ. ಇಲ್ಲಿ ಕುಂಬಾರರಿಗೆ ಎರಡು ಬಾನಿ ಹೇಳಿದ್ದೇನೆ, ಅಂಚು ದಪ್ಪ ಇರುವಂಥವು. ಮರಿಯ ಉಗುರು ಕತ್ತರಿಸುವುದನ್ನೂ ಆಗಲೇ ತೋರಿಸುತ್ತೇನೆ. ಅಲ್ಲಿಯವರೆಗೆ ನೀನು ಕೈ ಹಾಕಬೇಡ, ಕಪ್ಪು ಉಗುರಿನಲ್ಲಿ ರಕ್ತನಾಳ ಎಲ್ಲಿದೆ ಅಂತ ಕಾಣುವುದಿಲ್ಲ. ಬೂಟು, ಮಳೆಕೋಟು ವಾಪಸ್ ತೆಗೆದುಕೊಳ್ಳುವ ಗಡುವು ಇನ್ನೂ ಇದ್ದರೆ ಇವತ್ತೇ ಕಳಿಸು.

ಇಂತಿ ನಿನ್ನ ಮಾವ