ಅಂಕ ಕೊಡಬೇಕಾದ್ದು ನಕ್ಷೆಯ ಅಂದಕ್ಕಲ್ಲ

ಮಾನ್ಯ ಸಂಪಾದಕರೇ,

ಸಮಾಜಕಾರ್ಯ ವಿದ್ಯಾರ್ಥಿಗಳ ಕ್ಷೇತ್ರಕಾರ್ಯದ ವರದಿಗಳಲ್ಲಿ ಜೀನೋಗ್ರಾಮ್‌ಗಳು (ಕುಟುಂಬದ ತಲೆಮಾರುಗಳನ್ನು ಚಿಹ್ನೆಗಳಲ್ಲಿ ತೋರಿಸುವ ನಕ್ಷೆಗಳು) ಅಚ್ಚುಕಟ್ಟಾಗಿರುತ್ತವೆ. ಗಂಡಿಗೆ ಚೌಕ, ಹೆಣ್ಣಿಗೆ ವೃತ್ತ, ತೀರಿಕೊಂಡವರಿಗೆ ಕತ್ತರಿ ಗುರುತು, ಹಿರಿಯ ಮಗು ಎಡಕ್ಕೆ, ಕಿರಿಯದು ಬಲಕ್ಕೆ. ಆದರೆ ಅದರಿಂದ ತಿಳಿದದ್ದೇನು ಎಂದು ಹುಡುಕಿದರೆ ಒಂದು ಸಾಲೂ ಸಿಗುವುದಿಲ್ಲ. ಚಿಹ್ನೆಗಳನ್ನು ಕಲಿಸಿ, ಪ್ರಶ್ನೆ ಕೇಳುವುದನ್ನು ಕಲಿಸದೆ ಬಿಟ್ಟರೆ ಆಗುವುದು ಇಷ್ಟೇ.

ಮೊದಲ ಭೇಟಿಯಲ್ಲೇ ಮೂರು ತಲೆಮಾರಿನ ಜೀನೋಗ್ರಾಮ್‌ಗೆ ಕೈಹಾಕಿಸುವುದು ತಪ್ಪು. ಸಾವು, ವಿಚ್ಛೇದನ, ಕುಡಿತದ ಸಂಗತಿಗಳನ್ನು ಅಪರಿಚಿತರ ಮುಂದೆ ಯಾರು ಬಿಚ್ಚಿಡುತ್ತಾರೆ? ಸಮಾಜಕಾರ್ಯ ವಿದ್ವಾಂಸೆ ಆನ್ ಹಾರ್ಟ್‌ಮನ್ 1975ರಲ್ಲಿ ರೂಪಿಸಿದ ಇಕೋಮ್ಯಾಪ್‌ನಿಂದ, ಅಂದರೆ ಕುಟುಂಬಕ್ಕೆ ಸುತ್ತಲಿನವರೊಂದಿಗಿರುವ ಸಂಬಂಧಗಳ ನಕ್ಷೆಯಿಂದ, ಶುರು ಮಾಡುವುದು ಮೇಲು. ನಡುವಿನ ವೃತ್ತದಲ್ಲಿ ಕುಟುಂಬ. ಸುತ್ತ ಶಾಲೆ, ಕೆಲಸ, ಆಸ್ಪತ್ರೆ, ನೆಂಟರು. ಗಟ್ಟಿ ಸಂಬಂಧಕ್ಕೆ ದಪ್ಪ ಗೆರೆ, ದುರ್ಬಲಕ್ಕೆ ತುಂಡು ಗೆರೆ, ಒತ್ತಡವಿದ್ದಲ್ಲಿ ಅಡ್ಡಗೀಟು ಹಾಕಿದ ಗೆರೆ. ನೆರವು ಯಾವ ಕಡೆಗೆ ಹರಿಯುತ್ತದೆಂದು ತೋರಿಸುವ ಬಾಣವನ್ನೇ ಹೆಚ್ಚಿನವರು ಮರೆಯುತ್ತಾರೆ. ಕುಟುಂಬದಿಂದ ಬರೀ ಪಡೆಯುವ ನೆಂಟನನ್ನು ಆಸರೆ ಎಂದು ಬರೆದುಕೊಂಡರೆ ಮುಂದಿನ ಯೋಜನೆಯೇ ಕುಸಿಯುತ್ತದೆ.

ಇದನ್ನು ತರಗತಿಯಲ್ಲಿ ಮೂವರ ಗುಂಪು ಮಾಡಿ ಅಭ್ಯಾಸ ಮಾಡಿಸಬಹುದು: ಒಬ್ಬರು ಕೇಳಲಿ, ಒಬ್ಬರು ಕುಟುಂಬದ ಸದಸ್ಯರಾಗಿ ಉತ್ತರಿಸಲಿ, ಮೂರನೆಯವರು ಎಲ್ಲಿ ಮಾತು ನಿಂತಿತೆಂದು ಗುರುತು ಹಾಕಿಕೊಳ್ಳಲಿ. ಕಲ್ಪಿತ ಪ್ರಕರಣವೇ ಸಾಕು. ಸ್ವಂತ ಮನೆಯ ನಕ್ಷೆ ಬರೆಯಿರಿ ಎಂದು ಕಡ್ಡಾಯ ಮಾಡುವುದು (ಇದು ಅಪರೂಪವೇನಲ್ಲ) ಕೆಲವು ವಿದ್ಯಾರ್ಥಿಗಳಿಗೆ ಹಿಂಸೆ.

ಪ್ರಶ್ನಾವಳಿಗಳ ಎಡವಟ್ಟು ಬೇರೆ. ಕುಟುಂಬದ ಆಸರೆಯ ಬಗ್ಗೆ ಸದಸ್ಯರ ತೃಪ್ತಿಯನ್ನು ಅಳೆಯುವ ಫ್ಯಾಮಿಲಿ ಆಪ್ಗಾರ್‌ನಲ್ಲಿ 5 ಪ್ರಶ್ನೆ, ಒಂದೊಂದಕ್ಕೆ 0ಯಿಂದ 2. ಒಟ್ಟು ಹೆಚ್ಚಿದ್ದಷ್ಟೂ ಒಳ್ಳೆಯದು. ಕುಟುಂಬ ಹೇಗೆ ನಡೆಯುತ್ತಿದೆ ಎಂದು ಅಳೆಯುವ ಮ್ಯಾಕ್‌ಮಾಸ್ಟರ್ ಮಾಪನದಲ್ಲಿ ಅಂಕ 1ರಿಂದ 4; ಅಲ್ಲಿ ಹೆಚ್ಚಿದ್ದಷ್ಟೂ ತೊಂದರೆ. ಜೊತೆಗೆ ಅದರ ಕೆಲವು ಹೇಳಿಕೆಗಳಿಗೆ ಅಂಕವನ್ನು ತಿರುಗಿಸಿ (1 ಇದ್ದಲ್ಲಿ 4 ಎಂಬಂತೆ) ಹಾಕಬೇಕು. ಎರಡನ್ನೂ ಒಂದೇ ವಾರದಲ್ಲಿ ಕಲಿಸಿದರೆ ಗೊಂದಲ ಖಂಡಿತ. ಇನ್ನು, ತಾಯಿಯ ಆಪ್ಗಾರ್ ಅಂಕ 9, ಮಗನದು 3 ಬಂದಾಗ ಸರಾಸರಿ 6 ಎಂದು ಬರೆಯುವವರಿದ್ದಾರೆ. ಮುಂದಿನ ಭೇಟಿಯಲ್ಲಿ ಮಾತಾಡಬೇಕಾದ್ದು ಆ ಅಂತರದ ಬಗ್ಗೆಯೇ! ಒಬ್ಬೊಬ್ಬರನ್ನೂ ಪ್ರತ್ಯೇಕವಾಗಿ ಕೇಳದಿದ್ದರೆ ಆ ಅಂತರವೂ ಕಾಣುವುದಿಲ್ಲ.

ಆದ್ದರಿಂದ 10 ಅಂಕಗಳಲ್ಲಿ ನಕ್ಷೆಗೆ 3 ಇಟ್ಟು, ಉಳಿದ 7ನ್ನು ವಿವರಣೆಗೆ ಕೊಡಿ: ಮಾಹಿತಿ ಕೊಟ್ಟವರು ಯಾರು, ಯಾವ ದಿನಾಂಕದ್ದು, ಯಾವುದು ಇನ್ನೂ ಖಚಿತವಿಲ್ಲ, ಎರಡನೇ ಭೇಟಿಯ ನಂತರ ಏನನ್ನು ತಿದ್ದಲಾಯಿತು. ಪೆನ್ಸಿಲ್‌ನಲ್ಲೇ ಬರೆಯಲಿ.

— ಕ್ಷೇತ್ರಕಾರ್ಯ ಮಾರ್ಗದರ್ಶಕರು